ಸ್ನಾಯುಬಲ ಪರೀಕ್ಷೆ ಮತ್ತು ಭಂಗಿ ಪರಿಶೀಲನೆ: ಹೊಸೂರು–ಕೃಷ್ಣಗಿರಿ ಸೀಮೆ

ಕೈಯಿಂದ ಎದುರೊತ್ತಡ ಕೊಟ್ಟು ಒಂದೊಂದು ಸ್ನಾಯುವಿನ ಬಲವನ್ನು ಅಂಕದಲ್ಲಿ ಗುರುತಿಸುವುದನ್ನು ಸ್ನಾಯುಬಲ ಪರೀಕ್ಷೆ ಎಂದೂ, ನಿಂತ ದೇಹದ ತಲೆ, ಬೆನ್ನು, ಸೊಂಟ, ಮೊಣಕಾಲುಗಳ ನೇರವನ್ನು ತೂಗುಗುಂಡಿನ ದಾರಕ್ಕೆ ಹೋಲಿಸಿ ನೋಡುವುದನ್ನು ಭಂಗಿ ಪರಿಶೀಲನೆ ಎಂದೂ ಫಿಸಿಯೋಥೆರಪಿಯಲ್ಲಿ ಕರೆಯುತ್ತಾರೆ. 1965ರವರೆಗೆ ಸೇಲಂ ಜಿಲ್ಲೆಗೂ ಅನಂತರ ಧರ್ಮಪುರಿಗೂ ಸೇರಿದ್ದು, 2004ರಲ್ಲಿ ಪ್ರತ್ಯೇಕ ಜಿಲ್ಲೆಯಾದ ಕೃಷ್ಣಗಿರಿಯ ಸೀಮೆಯಲ್ಲಿ ಈ ವಿದ್ಯೆಗೆ ಎದುರಾದ ಮುಖ್ಯ ಸಮಸ್ಯೆಗಳಲ್ಲಿ ಒಂದು, ಕುಡಿಯುವ ನೀರಿನ ಫ್ಲೋರೈಡಿನಿಂದ ಮೂಳೆ ಬಿರುಸಾಗುವ ಫ್ಲೋರೋಸಿಸ್.

ಸ್ನಾಯುಬಲ ಪರೀಕ್ಷೆಯ ಮೂಲ ಪೋಲಿಯೊ ಚಿಕಿತ್ಸೆಯಲ್ಲಿದೆ. ಬಾಸ್ಟನ್ನಿನ ಮೂಳೆವೈದ್ಯ ರಾಬರ್ಟ್ ಲವೆಟ್ ರೂಪಿಸಿದ ಕ್ರಮವನ್ನು ಅವರ ಸಹಾಯಕಿ ವಿಲ್ಹೆಲ್ಮಿನ್ ರೈಟ್ 1912ರಲ್ಲಿ ಪ್ರಕಟಿಸಿದರು. ಭೂಮಿಯ ಸೆಳೆತವನ್ನೇ ಅಳತೆಗೋಲಾಗಿ ಬಳಸಿದ್ದು ಅದರ ಹೆಚ್ಚುಗಾರಿಕೆ. 1943ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಹೊರತಂದ 0ಯಿಂದ 5ರ ಶ್ರೇಣಿಯಲ್ಲಿ ಸ್ನಾಯು ಸ್ವಲ್ಪವೂ ಬಿಗಿಯದಿದ್ದರೆ 0, ಬಿಗಿದರೂ ಅಂಗ ಕದಲದಿದ್ದರೆ 1, ಸೆಳೆತವಿಲ್ಲದ ದಿಕ್ಕಿನಲ್ಲಷ್ಟೇ ಚಲಿಸಿದರೆ 2, ಸೆಳೆತದ ವಿರುದ್ಧ ಅಂಗವನ್ನೆತ್ತಿದರೆ 3, ಎದುರೊತ್ತಡವನ್ನೂ ತಡೆದರೆ 4, ಪೂರ್ಣ ಬಲವಿದ್ದರೆ 5. ಮೂರರವರೆಗಿನ ಅಂಕ ಕಣ್ಣಿಗೆ ಕಾಣುವಂಥದು. ನಾಲ್ಕು, ಐದು ಮಾತ್ರ ಪರೀಕ್ಷಕನ ಕೈಯನ್ನು ನಂಬಿರುವುದರಿಂದ ಇಬ್ಬರ ಅಂಕ ಬೇರೆಯಾಗುವುದುಂಟು. ಮುಂದೆ ಹೆನ್ರಿ ಮತ್ತು ಫ್ಲಾರೆನ್ಸ್ ಕೆಂಡಲ್ ದಂಪತಿ 1949ರಲ್ಲಿ ಸ್ನಾಯು ಪರೀಕ್ಷೆಯನ್ನೂ 1952ರಲ್ಲಿ ಭಂಗಿ ಮತ್ತು ನೋವಿನ ನಂಟನ್ನೂ ಕುರಿತ ಗ್ರಂಥಗಳನ್ನು ಹೊರತಂದರು.

ದಕ್ಷಿಣ ಭಾರತದಲ್ಲಿ ಈ ವಿದ್ಯೆಗೆ ಬೇರೊಂದು ತಿರುವು ಕೊಟ್ಟದ್ದು ಕುಷ್ಠರೋಗ. 1946ರಲ್ಲಿ ವೆಲ್ಲೂರಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರಾಂಡ್ ನರ ಸೋತು ಮಡಚಿದ ಬೆರಳುಗಳಿಗೆ ಸ್ನಾಯುರಜ್ಜು ಬದಲಿಸುವ ಚಿಕಿತ್ಸೆ ಆರಂಭಿಸಿದಾಗ, ಯಾವ ಸ್ನಾಯು ಉಳಿದಿದೆ ಎಂದು ಮೊದಲೇ ಅರಿಯುವುದು ಅನಿವಾರ್ಯವಾಯಿತು. ಹಳ್ಳಿಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೆ ಆರು ಅಂಕಗಳ ಲೆಕ್ಕ ಭಾರವಾದ್ದರಿಂದ, ಬಲವಾದದ್ದು, ದುರ್ಬಲ, ಪೂರ್ತಿ ಸೋತದ್ದು ಎಂಬ ಮೂರೇ ಹಂತಗಳು ಕುಷ್ಠ ನಿಯಂತ್ರಣದಲ್ಲಿ ಬಳಕೆಗೆ ಬಂದವು.

ಫ್ಲೋರೋಸಿಸ್ಸಿನಲ್ಲಿ ಸರಳೀಕರಣ ಇನ್ನೂ ಮುಂದೆ ಹೋಗಿದೆ. ಬೆನ್ನು ಸೆಟೆದ ರೋಗಿಗಳನ್ನು ಮದ್ರಾಸ್ ಪ್ರಾಂತದ ನೆಲ್ಲೂರು ಭಾಗದಲ್ಲಿ ಗುರುತಿಸಿದ ವರದಿ 1937ರಲ್ಲೇ ಬಂದಿತ್ತು. 2008–09ರಲ್ಲಿ ಆರಂಭವಾದ ರಾಷ್ಟ್ರೀಯ ಫ್ಲೋರೋಸಿಸ್ ಕಾರ್ಯಕ್ರಮವು ಮಂಡಿ ಬಗ್ಗಿಸದೆ ನೆಲದ ನಾಣ್ಯ ಎತ್ತುವುದು, ಗದ್ದವನ್ನು ಎದೆಗೆ ತಾಗಿಸುವುದು, ಚಾಚಿದ ತೋಳನ್ನು ಮಡಚಿ ತಲೆಯ ಹಿಂಭಾಗ ಮುಟ್ಟುವುದು ಎಂಬ ಮೂರು ಪರೀಕ್ಷೆಗಳನ್ನು ಬಳಸುತ್ತದೆ. ತೂಗುಗುಂಡಾಗಲಿ ಮಂಚವಾಗಲಿ ಬೇಡದ ಇವನ್ನು ಮನೆಯಂಗಳದಲ್ಲೇ ಮಾಡಬಹುದು. ರೋಗದ ಮೂಲವಾದ ಫ್ಲೋರೈಡ್ ನೀರಿಗೆ ಬದಲಾಗಿ ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳಿಗೆ ಕಾವೇರಿ ನೀರು ಕೊಡುವ ಹೊಗೆನಕಲ್ ಯೋಜನೆ 2013ರಲ್ಲಿ ಉದ್ಘಾಟನೆಯಾಯಿತು. ಇನ್ನು ಆ ಮೂರು ಸರಳ ಪರೀಕ್ಷೆಗಳು ತೋರುವುದು ಕೀಲುಗಳ ಬಿಗಿತವನ್ನು, ಅದೂ ಕಾರಣ ಹೇಳದೆ. ಬೆಳೆದ ಮೂಳೆ ಬೆನ್ನುಹುರಿಯನ್ನು ಒತ್ತಿ ಕಾಲುಗಳು ಸೋಲತೊಡಗಿದರೆ ಮತ್ತೆ 0ಯಿಂದ 5ರ ಹಳೆಯ ಶ್ರೇಣಿಯನ್ನೇ ಹಿಡಿಯಬೇಕಾಗುತ್ತದೆ.