ಒಂದು ಪರವಾನಗಿಯ ಇತಿಹಾಸ

ಹಿಂದೆ ಅರಸರು ಭೂಮಿಯನ್ನು ದಾನವಿತ್ತಾಗ ಶಾಸನ ಬರೆಸುತ್ತಿದ್ದರು. ಕೊಟ್ಟವರಾರು, ಪಡೆದವರಾರು, ಎಲ್ಲೆ ಯಾವುದು ಎಂಬುದೆಲ್ಲ ಅದರಲ್ಲಿರುತ್ತಿತ್ತು. ಕಂಪ್ಯೂಟರ್ ಲೋಕದ ಇಂಥ ಶಾಸನಕ್ಕೆ ಪರವಾನಗಿ ಎಂದು ಹೆಸರು. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ತಂತ್ರಾಂಶ ವೃತ್ತಿಯಲ್ಲಿರುವುದರಿಂದ, ಅಂಥ ಒಂದು ಪರವಾನಗಿಯ ಇತಿಹಾಸವನ್ನು ಇಲ್ಲಿ ಬರೆಯಬೇಕೆನಿಸಿತು.

ಅಮೆರಿಕದ ಸಿಲಿಕಾನ್ ಗ್ರಾಫಿಕ್ಸ್ ಸಂಸ್ಥೆಯು 1992ರಲ್ಲಿ ‘ಓಪನ್‌ಜಿಎಲ್’ ಎಂಬ ವ್ಯವಸ್ಥೆಯನ್ನು ಪ್ರಕಟಿಸಿತು. ಪರದೆಯ ಮೇಲೆ ಮೂರು ಆಯಾಮದ ಚಿತ್ರ ಬರೆಯಲು ಪ್ರೋಗ್ರಾಮುಗಳು ಬಳಸುವ ಆಜ್ಞೆಗಳ ಕಟ್ಟು ಅದು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಹವಾಮಾನದ ಮಾಹಿತಿಯನ್ನು ಚಿತ್ರರೂಪಕ್ಕೆ ತರುವ ಕೆಲಸದಲ್ಲಿದ್ದ ಬ್ರಯನ್ ಪಾಲ್, ಅದೇ ಆಜ್ಞೆಗಳನ್ನು ಪಾಲಿಸುವ ಸ್ವತಂತ್ರ ಲೈಬ್ರರಿಯೊಂದನ್ನು 1993ರ ಆಗಸ್ಟ್‌ನಲ್ಲಿ ಬಿಡುವಿನ ವೇಳೆಯಲ್ಲಿ ಬರೆಯತೊಡಗಿದರು. ಆ ಸಂಸ್ಥೆಯ ಅನುಮತಿ ಪಡೆದು, 1995ರ ಫೆಬ್ರವರಿಯಲ್ಲಿ ‘ಮೇಸಾ’ ಎಂಬ ಹೆಸರಿನಿಂದ ಎಲ್ಲರಿಗೂ ಹಂಚಿದರು.

ಕಾಕತಾಳೀಯವೋ ಎಂಬಂತೆ, 1993ರ ಆಗಸ್ಟ್ 16ರಂದೇ ಇಯಾನ್ ಮರ್ಡಾಕ್ ಅವರು ‘ಡೆಬಿಯನ್’ ಯೋಜನೆಯನ್ನು ಘೋಷಿಸಿದ್ದರು. ಸಾವಿರಾರು ತಂತ್ರಾಂಶಗಳನ್ನು ಒಟ್ಟುಗೂಡಿಸಿ ಉಚಿತವಾಗಿ ಹಂಚುವ ಸ್ವಯಂಸೇವಕರ ಬಳಗವದು. ಅಲ್ಲಿ ಪ್ಯಾಕೇಜ್ ಸಿದ್ಧಪಡಿಸುವುದೆಂದರೆ ಗಂಟು ಕಟ್ಟಿ ಕಳುಹಿಸುವುದಷ್ಟೇ ಅಲ್ಲ. ಲೈಬ್ರರಿಯನ್ನು ಓಡಿಸಲು ಬೇಕಾದ ಭಾಗ ಬೇರೆ, ಹೊಸ ಪ್ರೋಗ್ರಾಮು ಬರೆಯುವವರಿಗೆ ಬೇಕಾದ ಭಾಗ ಬೇರೆ ಎಂದು ವಿಂಗಡಿಸಬೇಕು; ಯಾವುದಕ್ಕೆ ಯಾವುದರ ಆಸರೆ ಬೇಕೆಂದು ನಮೂದಿಸಬೇಕು; ಪ್ರತಿಯೊಂದು ಭಾಗದ ಹಕ್ಕು ಯಾರದೆಂದು ‘ಕಾಪಿರೈಟ್’ ಎಂಬ ಕಡತದಲ್ಲಿ ದಾಖಲಿಸಬೇಕು. ಎಲ್ಲರೂ ಬಳಸುವ, ತಿದ್ದುವ, ಹಂಚುವ ಸ್ವಾತಂತ್ರ್ಯವಿದ್ದರೆ ಮಾತ್ರ ಮುಖ್ಯ ವಿಭಾಗದಲ್ಲಿ ಸ್ಥಾನವೆಂಬ ನಿಯಮವನ್ನು ಅವರು 1997ರಲ್ಲಿ ಅಂಗೀಕರಿಸಿದರು.

ತೊಡಕು ಹುಟ್ಟಿದ್ದು ಈ ಕಡತದಿಂದಲೇ. ಓಪನ್‌ಜಿಎಲ್ ಅನ್ನು ಎಕ್ಸ್ ವಿಂಡೋ ವ್ಯವಸ್ಥೆಗೆ ಬೆಸೆಯುವ ‘ಜಿಎಲ್‌ಎಕ್ಸ್’ ಎಂಬ ಭಾಗವನ್ನು ಸಿಲಿಕಾನ್ ಗ್ರಾಫಿಕ್ಸ್ 1999ರಲ್ಲಿ ಬಿಡುಗಡೆ ಮಾಡಿತು. ಮೇಸಾದಲ್ಲಿಯೂ ಎಕ್ಸ್ ವ್ಯವಸ್ಥೆಯಲ್ಲಿಯೂ ಅದು ಸೇರಿಹೋಯಿತು. ಆದರೆ ಆ ಸಂಸ್ಥೆಯ ಪರವಾನಗಿಗಳಲ್ಲಿ ವಿಚಿತ್ರ ಷರತ್ತುಗಳಿದ್ದವು. ಪೇಟೆಂಟಿನ ಅನುಮತಿ ತಿದ್ದದ ಪ್ರತಿಗೆ ಮಾತ್ರ ಅನ್ವಯಿಸುತ್ತಿತ್ತು; ಕಾನೂನಿನ ತೊಡಕು ಕಂಡರೆ ಸಂಸ್ಥೆಗೆ ವರದಿ ಒಪ್ಪಿಸಬೇಕಿತ್ತು. ಕೊಟ್ಟಂತೆಯೂ ಇತ್ತು, ಕೊಡದಂತೆಯೂ ಇತ್ತು.

ಇದು ತಮ್ಮ ನಿಯಮಕ್ಕೆ ವಿರುದ್ಧವೆಂದು ಡೆಬಿಯನ್ ಬಳಗದೊಳಗೇ ಆಕ್ಷೇಪ ಎದ್ದಿತು. ತೆಗೆದುಹಾಕಿದರೆ ಲಕ್ಷಾಂತರ ಜನರ ಪರದೆಯಲ್ಲಿ ಮೂರು ಆಯಾಮದ ಚಿತ್ರಕ್ಕೆ ಕುತ್ತು. ಉಳಿಸಿಕೊಂಡರೆ ಕೊಟ್ಟ ಮಾತಿಗೆ ಭಂಗ. ವರ್ಷಗಳು ಈ ಇಕ್ಕಟ್ಟಿನಲ್ಲಿಯೇ ಕಳೆದವು. ಕೊನೆಗೆ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಸಹ ಮಾತುಕತೆ ನಡೆಸಿ, 2008ರ ಸೆಪ್ಟೆಂಬರ್‌ನಲ್ಲಿ ಸಿಲಿಕಾನ್ ಗ್ರಾಫಿಕ್ಸ್ ಆ ಷರತ್ತುಗಳನ್ನು ಕೈಬಿಟ್ಟು, ಸರಳವಾದ ಹೊಸ ಪರವಾನಗಿಯನ್ನು ಹಳೆಯ ಬರಹಕ್ಕೂ ಅನ್ವಯಿಸಿತು. 2009ರ ಏಪ್ರಿಲ್‌ನಲ್ಲಿ ಆ ಸಂಸ್ಥೆ ದಿವಾಳಿಯಾಗಿ ಇನ್ನೊಬ್ಬರ ಕೈಸೇರಿತು. ಏಳು ತಿಂಗಳು ತಡವಾಗಿದ್ದರೆ ಯಾರ ಬಾಗಿಲು ತಟ್ಟಬೇಕಿತ್ತೋ!

ರಾಜ್ಯಗಳು ಅಳಿದರೂ ದಾನಶಾಸನದ ಮಾತು ಉಳಿಯುವುದನ್ನು ತರಗತಿಯಲ್ಲಿ ನಾನು ಹೇಳುತ್ತಿದ್ದೆನಷ್ಟೆ. ಇಲ್ಲಿಯೂ ಹಾಗೆಯೇ ಆಯಿತು. ಅದು ಸಾಧ್ಯವಾದದ್ದು, ಯಾರೂ ಓದದ ಕಡತವನ್ನು ಸಂಬಳವಿಲ್ಲದೆ ಕುಳಿತು ಸಾಲುಸಾಲಾಗಿ ಓದಿದ ಕೆಲವರಿಂದ. ನಿಮ್ಮಲ್ಲಿ ಆ ವೃತ್ತಿಯಲ್ಲಿರುವವರು ಒಮ್ಮೆಯಾದರೂ ಅಂಥ ಕಡತವನ್ನು ತೆರೆದು ನೋಡಿ ಎಂಬುದು ನನ್ನ ಕೋರಿಕೆ.