ಎತ್ತು ಬಿಚ್ಚಿ ಕೀಲೆಣ್ಣೆ: ಬೈಕಿನ ಚೈನಿನ ಒಂದಿಷ್ಟು ಇತಿಹಾಸ

ಕೀಲೆಣ್ಣೆ ಅಂದರೆ ಈಗ ಎಷ್ಟು ಜನಕ್ಕೆ ಗೊತ್ತಾಗುತ್ತೋ ಏನೋ! ಚಕ್ಕಡಿಯ ಗಾಲಿ ಸರಾಗ ತಿರುಗಲಿ ಅಂತ ಅಚ್ಚಿಗೆ ಹಚ್ಚುತ್ತಿದ್ದ ಕರಿ ಜಿಡ್ಡು ಅದು. ಔಡಲೆಣ್ಣೆಗೆ (ಬೆಂಗಳೂರು ಕಡೆಯವರ ಹರಳೆಣ್ಣೆ) ಸುಟ್ಟ ಹುಲ್ಲಿನ ಕರಿ ಕಲಸಿ ಮಾಡುತ್ತಿದ್ದರು. ಔಡಲವೇನು ಹಳ್ಳಿಗೆ ಮಾತ್ರ ಸೇರಿದ್ದಲ್ಲ ಮತ್ತೆ. ಲಂಡನ್ನಿನ ಚಾರ್ಲ್ಸ್ ವೇಕ್‌ಫೀಲ್ಡ್ ಅನ್ನುವವರು 1909ರಲ್ಲಿ ತಮ್ಮ ಎಂಜಿನ್ ಎಣ್ಣೆಗೆ ಇದನ್ನೇ ಬೆರೆಸಿ, ಔಡಲದ ಇಂಗ್ಲಿಷ್ ಹೆಸರು 'ಕ್ಯಾಸ್ಟರ್' ಅನ್ನೇ ಸ್ವಲ್ಪ ತಿರುಚಿ 'ಕ್ಯಾಸ್ಟ್ರಾಲ್' ಅಂತ ಹೆಸರಿಟ್ಟರು!

ನಮ್ಮ ವಿಜಯಪುರದಿಂದ ತಿಕೋಟಾಕ್ಕೋ ಬಬಲೇಶ್ವರಕ್ಕೋ ಹೋಗುವ ದಾರಿಯಲ್ಲಿ ಈಗ ಚಕ್ಕಡಿ ಕಾಣೋದು ಅಪರೂಪ. ಹೊಲಕ್ಕೂ ಬೈಕು, ಸಂತೆಗೂ ಬೈಕು, ದ್ರಾಕ್ಷಿ ತೋಟಕ್ಕೆ ಔಷಧಿ ಡಬ್ಬಿ ಒಯ್ಯೋಕೂ ಬೈಕು. ಕೀಲೆಣ್ಣೆಯ ಜಾಗಕ್ಕೆ ಚೈನ್ ಸ್ಪ್ರೇ ಬಂದಿದೆ. ಕೆಲಸ ಮಾತ್ರ ಅದೇ. ಆದರೆ ಚಕ್ಕಡಿಯವರಿಗಿದ್ದ ಒಂದು ಬುದ್ಧಿ ದಾರಿಯಲ್ಲಿ ಎಲ್ಲೋ ಬಿದ್ದುಹೋಗಿದೆ. ಅದೇನು ಅಂತ ಹೇಳೋಕೆ ಮೊದಲು ಚೈನಿನ ಕಥೆ ಹೇಳಿಬಿಡುತ್ತೇನೆ.

ಹಲ್ಲಿನ ಚಕ್ರಕ್ಕೆ ಸರಪಳಿ ಸುತ್ತಿ ಇನ್ನೊಂದು ಚಕ್ರ ತಿರುಗಿಸುವ ಉಪಾಯ ಬಹಳ ಹಳೆಯದು. ಇಲ್ಲಿ ಕಲ್ಯಾಣದ ಆರನೇ ವಿಕ್ರಮಾದಿತ್ಯ ಆಳುತ್ತಿದ್ದ ಹೊತ್ತಿಗೆ, ಅಂದರೆ 11ನೇ ಶತಮಾನದ ಕೊನೆಗೆ, ಚೀನಾದ ಸು ಸೊಂಗ್ ಕೈಫೆಂಗ್ ಪಟ್ಟಣದಲ್ಲಿ ಕಟ್ಟಿಸಿದ ದೊಡ್ಡ ಗಡಿಯಾರ ಗೋಪುರದಲ್ಲಿ ಇಂಥ ಸರಪಳಿ ಇತ್ತು. 1829ರಲ್ಲಿ ಫ್ರಾನ್ಸಿನ ಆಂದ್ರೆ ಗಾಲ್, 1864ರಲ್ಲಿ ಇಂಗ್ಲೆಂಡಿನ ಜೇಮ್ಸ್ ಸ್ಲೇಟರ್ ತಂತಮ್ಮ ಸರಪಳಿಗಳಿಗೆ ಪೇಟೆಂಟ್ ಪಡೆದರು. ಸ್ವಿಟ್ಜರ್ಲೆಂಡಿನಿಂದ ಬಂದು ಇಂಗ್ಲೆಂಡಿನಲ್ಲಿ ನೆಲೆಸಿದ್ದ ಹಾನ್ಸ್ ರೆನಾಲ್ಡ್ 1879ರಲ್ಲಿ ಸ್ಲೇಟರ್‌ನ ಪುಟ್ಟ ಕಾರ್ಖಾನೆಯನ್ನು ಕೊಂಡ. ಮ್ಯಾಂಚೆಸ್ಟರಿನ ಪಕ್ಕದ ಸಾಲ್ಫರ್ಡಿನಲ್ಲಿದ್ದ ಆ ಕಾರ್ಖಾನೆ ಬಟ್ಟೆ ಗಿರಣಿಗಳಿಗೆ ಸರಪಳಿ ಮಾಡುತ್ತಿತ್ತು. ಮರುವರ್ಷ, 1880ರಲ್ಲಿ, ಇವತ್ತು ನಿಮ್ಮ ನಮ್ಮ ಬೈಕಿನಲ್ಲಿರುವ ಚೈನು ಹುಟ್ಟಿತು.

ರೆನಾಲ್ಡ್ ಮಾಡಿದ್ದಿಷ್ಟೆ. ಮೊದಲು ಪಿನ್ನು ತೆಳ್ಳನೆ ಪಟ್ಟಿಯ ತೂತಿನ ಅಂಚಿಗೆ ಉಜ್ಜಿ ಬೇಗ ಸವೆಯುತ್ತಿತ್ತು. ಆತ ಪಿನ್ನಿನ ಸುತ್ತ ಒಂದು ಕೊಳವೆ (ನಮ್ಮ ಮೆಕ್ಯಾನಿಕ್ಕುಗಳ ಬಾಯಲ್ಲಿ ಬುಶ್), ಅದರ ಮೇಲೆ ತಿರುಗುವ ರೋಲರ್ ಕೂರಿಸಿದ. ಭಾರ ಅಂಚಿನ ಬದಲು ಇಡೀ ಬುಶ್ಶಿನ ಮೇಲೆ ಹಂಚಿಹೋಯಿತು. ಇದರಿಂದ ಒಂದು ಮುಖ್ಯ ಸಂಗತಿ ಹೊರಡುತ್ತದೆ: ಎಣ್ಣೆ ಬೇಕಾದದ್ದು ಕಣ್ಣಿಗೆ ಕಾಣುವ ಹೊರಮೈಗಲ್ಲ, ಪಿನ್ನು ಬುಶ್ಶುಗಳ ನಡುವಿನ ಸಂದಿಗೆ.

'ಚೈನ್ ಹಿಗ್ಗೇತಿ ನೋಡ್ರಿ' ಅಂತಾರಲ್ಲ, ಉಕ್ಕಿನ ಪಟ್ಟಿ ರಬ್ಬರಿನಂತೆ ಹಿಗ್ಗಿರುವುದಿಲ್ಲ. ಚೈನಿನಲ್ಲಿ ಸುಮಾರು 120 ಕೊಂಡಿ ಇವೆ ಅಂದುಕೊಳ್ಳಿ. ಪ್ರತಿ ಸಂದಿಯಲ್ಲಿ 0.1 ಮಿಲಿಮೀಟರ್ ಸವೆದರೆ ಒಟ್ಟು 12 ಮಿಲಿಮೀಟರ್ ಆಯಿತು. ಒಂದು ಕೊಂಡಿಯ ಉದ್ದ 12.7 ಮಿಲಿಮೀಟರ್, ಅಂದರೆ ಬರೋಬ್ಬರಿ ಅರ್ಧ ಇಂಚು. ಹೆಚ್ಚುಕಮ್ಮಿ ಒಂದು ಇಡೀ ಕೊಂಡಿಯನ್ನೇ ಹೆಚ್ಚಿಗೆ ಜೋಡಿಸಿದ ಹಾಗೆ!

1885ರ ರೋವರ್ ಸೈಕಲ್ಲು ಚೈನಿನಿಂದ ಹಿಂದಿನ ಗಾಲಿ ತಿರುಗಿಸಿತು. ಮೋಟರ್‌ಸೈಕಲ್ಲು ಮಾತ್ರ ಚೈನನ್ನು ಅಷ್ಟು ಸುಲಭಕ್ಕೆ ನಂಬಲಿಲ್ಲ. ಶುರುವಿನ ಬಹಳಷ್ಟು ಗಾಡಿಗಳಿಗೆ ಇದ್ದದ್ದು ಚರ್ಮದ ಪಟ್ಟಾ. ಅದಕ್ಕೆ ಎಣ್ಣೆ ಬೇಡ, ಸದ್ದಿಲ್ಲ, ಆದರೆ ಮಳೆ ಬಂದರೆ ಜಾರುತ್ತಿತ್ತು. 1911ರಲ್ಲಿ ಐಲ್ ಆಫ್ ಮ್ಯಾನ್ ರೇಸಿನ ದೊಡ್ಡ ಪಂದ್ಯದಲ್ಲಿ ಮೊದಲ ಮೂರೂ ಸ್ಥಾನ ಒಂದೇ ಕಂಪನಿಯ ಬೈಕುಗಳ ಪಾಲಾದವು. ಅವುಗಳಿಗೆ ಎರಡು ಗೇರು ಮತ್ತು ಚೈನು ಇದ್ದವು. ಕಂಪನಿಯ ಹೆಸರು 'ಇಂಡಿಯನ್'. (ಹಿಗ್ಗಬೇಡಿ, ಅದು ಅಮೆರಿಕದ್ದು!) ಆಮೇಲೆ ಪಟ್ಟಾ ಮೆಲ್ಲಗೆ ಹಿಂದೆ ಸರಿಯಿತು.

ನಮ್ಮ ದೇಶಕ್ಕೆ ಬರೋಣ. 1955ರಲ್ಲಿ ಮದ್ರಾಸಿನಲ್ಲಿ ಎನ್‌ಫೀಲ್ಡ್ ಶುರುವಾಯಿತು. 1961ರಲ್ಲಿ ನಮ್ಮ ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆಯನ್ನು ಜಯಚಾಮರಾಜೇಂದ್ರ ಒಡೆಯರ್ ಉದ್ಘಾಟಿಸಿದರು. 1973ರಿಂದ ಅಲ್ಲಿನ ಗಾಡಿಗಳಿಗೆ ಯೆಜ್ದಿ ಅಂತ ಹೆಸರಾಯಿತು, 1996ರಲ್ಲಿ ಕಾರ್ಖಾನೆ ಮುಚ್ಚಿತು. ಹಳೇ ಜಾವಾದ ಎಡಬದಿ ನೋಡಿದವರಿಗೆ ನೆನಪಿರಬಹುದು, ಅದರ ಹಿಂದಿನ ಚೈನು ತಗಡಿನ ಪೆಟ್ಟಿಗೆಯೊಳಗೆ ಪೂರ್ತಿ ಮುಚ್ಚಿಕೊಂಡಿತ್ತು. 1985ರಲ್ಲಿ ಬಂದ ಹೀರೋ ಹೋಂಡಾ ಸಿಡಿ 100 ಕೂಡ ಚೈನಿಗೆ ಮುಚ್ಚಳ ಹೊದಿಸಿಕೊಂಡೇ ಬಂತು. ದೂಳು ಒಳಗೆ ಹೋಗೋದಿಲ್ಲ, ಧೋತರದ ಅಂಚು, ಸೆರಗು ಸಿಕ್ಕೋದಿಲ್ಲ. ಒಂದು ಕಡೆ ಕಾಲು ಇಳಿಬಿಟ್ಟು ಕೂರುವ ಹೆಂಗಸರು ಇರುವ ದೇಶ ನಮ್ಮದು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ, ಹಿಂದೆ ಕೂತವರ ಬಟ್ಟೆ ಸಿಕ್ಕದ ಹಾಗೆ ಹಿಂದಿನ ಗಾಲಿಯ ಕನಿಷ್ಠ ಅರ್ಧ ಭಾಗಕ್ಕೆ ರಕ್ಷಣೆ ಇರಬೇಕು ಅನ್ನುತ್ತದೆ. ನಾವು ಸೀರೆ ಗಾರ್ಡ್ ಅನ್ನುವುದರ ಮೂಲ ಇದು.

2000ದ ನಂತರ ರೇಸಿನ ಗಾಡಿಗಳ ಹಾಗೆ ಕಾಣುವ ಬೈಕುಗಳು ಬಂದವು, ಬಹಳಷ್ಟರ ಮುಚ್ಚಳ ಕಳಚಿತು. ಬಂಗಾರ ಬಣ್ಣದ ಚೈನು ಹೊರಗೆ ಮಿಂಚತೊಡಗಿತು. ಎಷ್ಟೋ ಗಾಡಿಗಳಲ್ಲಿ ಪಿನ್ನು ಬುಶ್ಶುಗಳ ನಡುವೆ ಕಾರ್ಖಾನೆಯಲ್ಲೇ ಗ್ರೀಸ್ ತುಂಬಿ ರಬ್ಬರ್ ಉಂಗುರದಿಂದ ಬಂದ್ ಮಾಡಿರುತ್ತಾರೆ. 1970ರ ದಶಕದಲ್ಲಿ ಬಂದ ಈ ಓ-ರಿಂಗ್ ಚೈನು ರೆನಾಲ್ಡ್ ನಂತರದ ದೊಡ್ಡ ಹೆಜ್ಜೆ. ಆದರೂ ರೋಲರಿಗೆ, ಹಲ್ಲಿಗೆ, ಆ ರಬ್ಬರಿಗೆ ಮೇಲಿನಿಂದ ಎಣ್ಣೆ ಬೇಕು.

ನಮ್ಮದು ಡೋಣಿ ಸಾಲಿನ ಎರೆ ಭೂಮಿ. ಜೋಳಕ್ಕೆ ಬಂಗಾರ, ಚೈನಿಗೆ ವೈರಿ. ಮಳೆಗಾಲದಲ್ಲಿ ಅಂಟು ರಾಡಿ, ಬೇಸಿಗೆಯಲ್ಲಿ ನುಣ್ಣನೆ ದೂಳು. ಹಾಗಾಗಿ ಇಲ್ಲಿ ಚೈನು ತೊಳೆಯೋ ಕೆಲಸ ಮೇಲಿಂದ ಮೇಲೆ ಬರುತ್ತೆ. ಬೇಗ ಮುಗಿಸೋಕೆ ಜನ ಏನು ಮಾಡ್ತಾರೆ? ಮೇನ್ ಸ್ಟ್ಯಾಂಡ್ ಹಾಕಿ, ಗಾಡಿ ಚಾಲೂ ಮಾಡಿ, ಗೇರ್ ಹಾಕಿ, ತಿರುಗೋ ಚೈನಿಗೆ ಅರಿವೆ ಹಿಡೀತಾರೆ! ನಮ್ಮೂರಲ್ಲೂ ನೋಡಿದ್ದೇನೆ, ಬೆಂಗಳೂರಲ್ಲೂ ನೋಡಿದ್ದೇನೆ. ನನ್ನ ಪರಿಚಯದ ಹುಡುಗನೊಬ್ಬನ ತೋರುಬೆರಳಿನ ತುದಿ ಹೀಗೇ ಹೋಯಿತು.

ಸುಮ್ಮನೆ ಲೆಕ್ಕ ಹಾಕಿ ನೋಡಿದೆ (ಎಂಜಿನಿಯರಿಂಗ್ ಓದಿದ್ದಕ್ಕೆ ಇಷ್ಟಾದರೂ ಉಪಯೋಗ ಆಗಲಿ!). ಎಕ್ಸಲರೇಟರ್ ಮುಟ್ಟದೆ ಬಿಟ್ಟರೆ ಎಂಜಿನ್ನು ನಿಮಿಷಕ್ಕೆ 1400 ಸುತ್ತು ಹಾಕುತ್ತದೆ ಅಂದುಕೊಳ್ಳಿ. ಮೊದಲ ಗೇರಿನಲ್ಲಿ ಅದು ಹತ್ತರಲ್ಲೊಂದು ಭಾಗಕ್ಕಿಳಿದರೆ ಮುಂದಿನ ಹಲ್ಲುಚಕ್ರ ನಿಮಿಷಕ್ಕೆ 140 ಸುತ್ತು. 14 ಹಲ್ಲಿದ್ದರೆ ಸುತ್ತಿಗೆ ಸುಮಾರು 17.8 ಸೆಂಟಿಮೀಟರ್ ಚೈನು ಸಾಗುತ್ತದೆ. ಅಂದರೆ ಸೆಕೆಂಡಿಗೆ 41 ಸೆಂಟಿಮೀಟರ್. ಹಲ್ಲಿನಿಂದ 10 ಸೆಂಟಿಮೀಟರ್ ದೂರದಲ್ಲಿ ಅರಿವೆ ಸಿಕ್ಕಿಬಿದ್ದರೆ ಬೆರಳು ಒಳಗೆ ಹೋಗೋಕೆ ಕಾಲು ಸೆಕೆಂಡು ಸಾಕು. 'ಅಯ್ಯೋ' ಅಂತ ಮನುಷ್ಯ ಕೈ ಎಳೆಯಲು ಶುರು ಮಾಡೋಕೂ ಸುಮಾರು ಅಷ್ಟೇ ಹೊತ್ತು ಬೇಕು. ಇದು ಮೊದಲ ಗೇರಿನ ಲೆಕ್ಕ, ಮೇಲಿನ ಗೇರಿಗೆ ಹೋದಷ್ಟೂ ವೇಗ ಹೆಚ್ಚು. ಎಂಜಿನ್ನಿಗೆ ಬೆರಳೂ ಒಂದೇ, ಕಡ್ಡಿಯೂ ಒಂದೇ.

ಸರಿಯಾದ ದಾರಿ ಏನೂ ಕಷ್ಟ ಇಲ್ಲ. ಎಂಜಿನ್ ಬಂದ್ ಮಾಡಿ, ಕೀಲಿ ತೆಗೆದು ಕಿಸೆಗೆ ಹಾಕಿಕೊಳ್ಳಿ. ಮೇನ್ ಸ್ಟ್ಯಾಂಡ್ ಹಾಕಿ, ಗೇರ್ ನ್ಯೂಟ್ರಲ್‌ನಲ್ಲಿರಲಿ. ಸೀಮೆಎಣ್ಣೆ ಅಥವಾ ಚೈನ್ ಕ್ಲೀನರ್ ಹಚ್ಚಿ ಮೆತ್ತನೆ ಬ್ರಷ್‌ನಿಂದ ಉಜ್ಜಿ. ಪೆಟ್ರೋಲ್ ಬೇಡ, ಬೆಂಕಿಯ ಭಯ ಒಂದು, ರಬ್ಬರ್ ಉಂಗುರ ಹಾಳಾಗೋದು ಇನ್ನೊಂದು. ತಂತಿಯ ಬ್ರಷ್ಷೂ ಬೇಡ. ಗಾಲಿಯನ್ನು ಕೈಯಿಂದ ನಿಧಾನವಾಗಿ ಹಿಂದಕ್ಕೆ ತಿರುಗಿಸಿ. ಆಗ ಕೆಳಗಿನ ಚೈನು ಹಿಂದಿನ ಹಲ್ಲುಚಕ್ರದಿಂದ ದೂರ ಸಾಗುತ್ತದೆ, ಅರಿವೆ ಅದರೊಳಗೆ ಎಳೆದುಕೊಳ್ಳುವುದಿಲ್ಲ. ಹಾಗಂತ ಬೆರಳು ಎರಡೂ ಹಲ್ಲುಚಕ್ರದ ಹತ್ತಿರ ಹೋಗಬಾರದು. ಕೈಯಿಂದ ತಿರುಗಿಸಿದರೂ ಹಲ್ಲು ಹಲ್ಲೇ.

ಒರೆಸಿ ಒಣಗಿದ ಮೇಲೆ ಎಸ್‌ಎಇ 90 ಗೇರ್ ಆಯಿಲ್ ಅಥವಾ ಚೈನ್ ಸ್ಪ್ರೇಯನ್ನು ಕೆಳಗಿನ ಚೈನಿನ ಒಳಮಗ್ಗುಲಿಗೆ ಹಾಕಿ. ಗಾಡಿ ಓಡುವಾಗ ಎಣ್ಣೆ ತಾನಾಗಿಯೇ ಹೊರಕ್ಕೆ ಹರಡುತ್ತದೆ. ಎಂಜಿನ್ನಿನಿಂದ ಇಳಿಸಿದ ಕರಿ ಎಣ್ಣೆ ಪುಕ್ಕಟೆ ಸಿಗುತ್ತೆ ಅಂತ ಹಾಕಬೇಡಿ, ಅದರಲ್ಲಿ ಸವೆದ ಲೋಹದ ಪುಡಿಯೂ ಇರುತ್ತದೆ. ಹೆಚ್ಚಾದ ಎಣ್ಣೆ ಒರೆಸಿ, ಇಲ್ಲವಾದರೆ ದೂಳು ಅಂಟುತ್ತದೆ. ಟೈರಿಗೆ, ಬ್ರೇಕಿಗೆ ಒಂದು ಹನಿಯೂ ತಾಗಬಾರದು. ಚೈನು ಎಷ್ಟು ಸಡಿಲ ಇರಬೇಕು ಅಂತ ಗಾಡಿಯ ಪುಸ್ತಕದಲ್ಲಿ ಬರೆದಿರುತ್ತೆ, ನೋಡಿ. ಇಷ್ಟಕ್ಕೂ ಅರ್ಧ ತಾಸು ಸಾಕು.

ಈಗ ಆ ಬಿದ್ದುಹೋದ ಬುದ್ಧಿಯ ವಿಷಯ. ಚಕ್ಕಡಿಗೆ ಕೀಲೆಣ್ಣೆ ಹಾಕಬೇಕಾದರೆ ಮೊದಲು ಎತ್ತು ಬಿಚ್ಚುತ್ತಿದ್ದರು. ನೊಗಕ್ಕೆ ಎತ್ತು ಕಟ್ಟಿ, ಅದನ್ನು ನಡೆಸುತ್ತಾ ಅಚ್ಚಿಗೆ ಕೈ ಹಾಕುವ ಹುಚ್ಚು ಯಾರಿಗೂ ಇರಲಿಲ್ಲ. ಬೈಕಿನಲ್ಲಿ ಎತ್ತು ಕಣ್ಣಿಗೆ ಕಾಣೋದಿಲ್ಲ, ಎಂಜಿನ್ನಿನೊಳಗೆ ಇದೆ, ಅದೂ ಹತ್ತಾರು ಕುದುರೆಗಳ ಬಲದ್ದು. ನಿಮ್ಮ ಮನೆಯಲ್ಲೂ ರವಿವಾರ ಬಂತೆಂದರೆ ಬೈಕು ತೊಳೆಯೋಕೆ ಕೂರುವ ತಮ್ಮನೋ ಅಳಿಯನೋ ಇರಬಹುದು. ಸುಮ್ಮನೆ ಒಂದು ಮಾತು ಹೇಳಿಡಿ: 'ಮೊದ್ಲು ಎತ್ತು ಬಿಚ್ಚೋ ತಮ್ಮಾ, ಆಮ್ಯಾಲ ಕೀಲೆಣ್ಣಿ!'