ಅರ್ಟಿಕೇರಿಯ ಪಿಗ್ಮೆಂಟೋಸ ಮತ್ತು ಆಂಟಿಹಿಸ್ಟಮಿನ್ ಚಿಕಿತ್ಸೆ

ಚರ್ಮದಲ್ಲಿ ಮಾಸ್ಟ್ ಕೋಶಗಳು ಅತಿಯಾಗಿ ಸೇರಿಕೊಂಡು ಕಂದು ಮಚ್ಚೆಗಳನ್ನು ಮೂಡಿಸುವ ವಿರಳ ರೋಗ ಅರ್ಟಿಕೇರಿಯ ಪಿಗ್ಮೆಂಟೋಸ. ಇಂಗ್ಲೆಂಡಿನ ಎಡ್ವರ್ಡ್ ನೆಟಲ್‌ಶಿಪ್ 1869ರಲ್ಲಿ ಇದನ್ನು ವರ್ಣಿಸಿದರು. ಮಚ್ಚೆಗಳಲ್ಲಿ ತುಂಬಿರುವುದು ಮಾಸ್ಟ್ ಕೋಶಗಳೆಂದು 1887ರಲ್ಲಿ ಜರ್ಮನಿಯ ಪಾಲ್ ಉನ್ನ ತೋರಿಸಿದರು. ಮಚ್ಚೆಯನ್ನು ಉಜ್ಜಿದರೆ ಅದು ಕೆಂಪೇರಿ, ಊದಿ, ತುರಿಸುತ್ತದೆ. ಡೇರಿಯರ್ ಚಿಹ್ನೆ ಎನ್ನುವ ಈ ಲಕ್ಷಣವೇ ಬಹುಮಟ್ಟಿಗೆ ರೋಗವನ್ನು ಗುರುತು ಹಿಡಿಸಿಬಿಡುತ್ತದೆ. ಹಲವು ರೋಗಿಗಳಲ್ಲಿ ಕಿಟ್ ಎಂಬ ಜೀನ್‌ನ ರೂಪಾಂತರ ಕಂಡುಬರುತ್ತದೆ.

ಮಾಸ್ಟ್ ಕೋಶದೊಳಗಿನ ಕಣಗಳಲ್ಲಿ ತುರಿಕೆ, ಊತ ತರುವ ಹಿಸ್ಟಮಿನ್ ಎಂಬ ರಾಸಾಯನಿಕ ಸಂಗ್ರಹವಾಗಿರುತ್ತದೆ. ಉಜ್ಜುವಿಕೆ, ಬಿಸಿನೀರ ಸ್ನಾನ, ಮದ್ಯ, ಕೆಲವು ನೋವಿನ ಮಾತ್ರೆಗಳು, ಜೇನ್ನೊಣದ ಕಡಿತ ಇವು ಕೋಶವನ್ನು ಕೆರಳಿಸಿ ಹಿಸ್ಟಮಿನನ್ನು ಹೊರಬಿಡಿಸುತ್ತವೆ. ಆಂಟಿಹಿಸ್ಟಮಿನ್ ಈ ಬಿಡುಗಡೆಯನ್ನು ನಿಲ್ಲಿಸುವುದಿಲ್ಲ, ಹೊರಬಂದ ಹಿಸ್ಟಮಿನ್ ತನ್ನ ಗ್ರಾಹಕಕ್ಕೆ ಅಂಟಿಕೊಳ್ಳದಂತೆ ತಡೆಯುತ್ತದೆ, ಅಷ್ಟೇ. ಆದ್ದರಿಂದ ಮಾತ್ರೆಯಿಂದ ತುರಿಕೆ, ಊತ, ಮೈ ಕೆಂಪಾಗುವುದು ತಗ್ಗುತ್ತವೆ, ಮಚ್ಚೆಗಳು ಮಾತ್ರ ಇದ್ದಲ್ಲೇ ಇರುತ್ತವೆ. ಇದನ್ನು ಮೊದಲೇ ಹೇಳದಿದ್ದರೆ ಮಗುವಿನ ತಂದೆತಾಯಿ ಔಷಧಿ ಕೆಲಸ ಮಾಡಲಿಲ್ಲವೆಂದು ಮಧ್ಯದಲ್ಲೇ ಬಿಟ್ಟುಬಿಡುತ್ತಾರೆ.

ಮೊದಲ ಆಯ್ಕೆ ಹಿಸ್ಟಮಿನ್‌ನ ಎಚ್1 ಗ್ರಾಹಕವನ್ನು ತಡೆಯುವ, ನಿದ್ದೆ ಕಡಿಮೆ ತರಿಸುವ ಔಷಧಿಗಳು: ನೆಗಡಿ, ಅಲರ್ಜಿಗಳಿಗಾಗಿ ನಮ್ಮ ಮನೆಗಳಿಗೆ ಪರಿಚಿತವಾದ ಸೆಟ್ರಿಜಿನ್, ಜೊತೆಗೆ ಲೊರಾಟಡಿನ್, ಫೆಕ್ಸೊಫೆನಡಿನ್. ಪದೇ ಪದೇ ಕಾಡುವ ತುರಿಕೆಯಿದ್ದಾಗ ಕೆರಳಿದ ದಿನವಷ್ಟೇ ನುಂಗುವುದಕ್ಕಿಂತ ದಿನವೂ ತೆಗೆದುಕೊಂಡರೆ ಹೆಚ್ಚು ಹಿಡಿತ ಸಿಗುತ್ತದೆ. ಸಾಲದಿದ್ದರೆ ವಯಸ್ಕರಲ್ಲಿ ವೈದ್ಯರು ಪ್ರಮಾಣವನ್ನು ನಾಲ್ಕು ಪಟ್ಟಿನವರೆಗೆ ಏರಿಸುವುದುಂಟು. ಹೊಟ್ಟೆಯ ಹುಳಿ, ನೋವು ಇದ್ದವರಿಗೆ ಎಚ್2 ಗ್ರಾಹಕವನ್ನು ತಡೆಯುವ ಫ್ಯಾಮೊಟಿಡಿನ್‌ನಂಥ ಔಷಧಿಯನ್ನು ಸೇರಿಸುತ್ತಾರೆ. ಭೇದಿಯೇ ಮುಖ್ಯ ತೊಂದರೆಯಾಗಿದ್ದರೆ ಬಾಯಿಂದ ತೆಗೆದುಕೊಳ್ಳುವ ಸೋಡಿಯಂ ಕ್ರೊಮೊಗ್ಲೈಕೇಟ್ ನೆರವಾಗಬಹುದು. ಪ್ರೊಸ್ಟಗ್ಲಾಂಡಿನ್, ಲ್ಯೂಕೊಟ್ರೈಯೀನ್ ಎಂಬ ರಾಸಾಯನಿಕಗಳನ್ನೂ ಮಾಸ್ಟ್ ಕೋಶಗಳು ಬಿಡುಗಡೆ ಮಾಡುವುದರಿಂದ, ಆಂಟಿಹಿಸ್ಟಮಿನ್ ಒಂದರಿಂದಲೇ ಎಲ್ಲ ಲಕ್ಷಣಗಳೂ ಅಡಗುವುದಿಲ್ಲ.

ಮಕ್ಕಳಲ್ಲಿ ರೋಗ ಸಾಮಾನ್ಯವಾಗಿ ಮೊದಲ ಎರಡು ವರ್ಷಗಳಲ್ಲಿ ಶುರುವಾಗಿ, ಹೆಚ್ಚಿನವರಲ್ಲಿ ಹರೆಯದ ಹೊತ್ತಿಗೆ ತಗ್ಗುತ್ತದೆ ಇಲ್ಲವೇ ಮಾಯವಾಗುತ್ತದೆ. ವಯಸ್ಕರಲ್ಲಿ ಅದು ಉಳಿದುಕೊಳ್ಳುವುದೇ ಹೆಚ್ಚು. ಮೂಳೆಮಜ್ಜೆಗೂ ಹಬ್ಬಿರಬಹುದಾದ ಕಾರಣ ಮಾಸ್ಟ್ ಕೋಶಗಳು ಬಿಡುವ ಟ್ರಿಪ್ಟೇಸ್ ಎಂಬ ಕಿಣ್ವದ ಮಟ್ಟವನ್ನು ರಕ್ತದಲ್ಲಿ ಅಳೆಯುತ್ತಾರೆ.

ಶಸ್ತ್ರಕ್ರಿಯೆಗೆ ಮುನ್ನ ಅರಿವಳಿಕೆ ತಜ್ಞರಿಗೆ ಈ ರೋಗದ ವಿಷಯ ತಿಳಿಸಿರಬೇಕು. ರಕ್ತದೊತ್ತಡ ಕುಸಿದು ಉಸಿರು ಕಟ್ಟುವಂಥ ಅನಾಫೈಲ್ಯಾಕ್ಸಿಸ್ ಬಂದರೆ ಸೆಟ್ರಿಜಿನ್ ನುಂಗಿಸಿ ಕಾಯಬಾರದು. ಆಗ ಬೇಕಾದದ್ದು ತೊಡೆಯ ಸ್ನಾಯುವಿಗೆ ತಕ್ಷಣ ಕೊಡುವ ಅಡ್ರಿನಲಿನ್ ಚುಚ್ಚುಮದ್ದು.